ಹಳೇ ಟೈರಲ್ಲಿ ಆಟೋಕ್ರಾಸ್‌ಗೆ ಇಳಿಯೋರಿಗೆ

ಆಟೋಕ್ರಾಸ್ ಅಂದ್ರೆ ಕೋನ್‌ಗಳನ್ನಿಟ್ಟ ದಾರಿಯಲ್ಲಿ ಒಬ್ಬೊಬ್ಬರೇ ಕಾರು ಓಡಿಸಿ ಸಮಯ ಅಳೆಯುವ ಸ್ಪರ್ಧೆ; ಹಾಗೆ ಒಮ್ಮೆ ಓಡಿಸಿದರೆ ಒಂದು ರನ್. ಗ್ರೂವ್ ಆಳವಾಗಿದೆ ಅಂತ ಸುಮ್ನೆ ಟೈರನ್ನು ನಂಬಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಬಿರುಕು ಕಂಡರೆ ಆ ಟೈರ್ ಬೇಡವೇ ಬೇಡ.

ಬಿಸಿಯಾಗಿ ತಣ್ಣಗಾಗಿ ರಬ್ಬರ್ ಗಟ್ಟಿಯಾಗುತ್ತದೆ. ಹಾಗಾಗಿ ಟೈರ್ ತಣ್ಣಗಿರುವ ಮೊದಲ ರನ್‌ನಲ್ಲಿ ಹಿಡಿತ ಕಡಿಮೆ, ಕೋನ್‌ಗಳು ಹಾರೋದೂ ಆಗಲೇ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಎಸ್‌ಸಿಸಿಎ ನಡೆಸುವ ಸೋಲೋ ಆಟೋಕ್ರಾಸ್‌ನಲ್ಲಿ ಬೀಳಿಸಿದ ಒಂದು ಕೋನ್‌ಗೆ 2 ಸೆಕೆಂಡ್ ದಂಡ!

ಗಾಳಿ ಸರಿಯಿದೆಯಾ ನೋಡೋಕೆ, ಟೈರ್ ನೆಲಕ್ಕೆ ತಾಗುವ ಭಾಗದ ಅಂಚಿನಿಂದ ಪಕ್ಕದವರೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ರನ್ ಆದಮೇಲೆ ಗೆರೆ ಪಕ್ಕದಲ್ಲೂ ಅಳಿಸಿದ್ದರೆ ಗಾಳಿ ಕಮ್ಮಿ, 2 ಪಿಎಸ್‌ಐ ಏರಿಸಿ. ಅಂಚಿನಲ್ಲೂ ಅಳಿಸದೆ ಉಳಿದಿದ್ದರೆ ಗಾಳಿ ಜಾಸ್ತಿಯಾಗಿದೆ, ಇಳಿಸಿ.

ಮುಂದಿನ ಚಕ್ರ ಜಾರಿದಾಗ ಸ್ಟೀರಿಂಗ್ ಇನ್ನೂ ತಿರುಗಿಸೋಣ ಅನ್ನಿಸುತ್ತದೆ ಅಲ್ವಾ? ತಿರುಗಿಸಬೇಡಿ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟು, ಸ್ಟೀರಿಂಗ್ ತುಸು ನೇರ ಮಾಡಿ, ಹಿಡಿತ ಬಂದಮೇಲೆ ಮತ್ತೆ ತಿರುಗಿಸಿ.