ಎಳೆದಾಗ ಕಣ್ಣು ಮುಚ್ಚುವ ಬಲೆ

ಜೂನ್ 1ರಿಂದ ಜುಲೈ 31ರವರೆಗೆ, ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನ, ಮಲ್ಪೆಯ ಟ್ರಾಲ್ ಬೋಟುಗಳೆಲ್ಲ (ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಬೋಟುಗಳು) ದಡದಲ್ಲಿ. ಬಲೆ ಕೆಲಸದ ನಮಗೆ ಅದೇ ಸುಗ್ಗಿ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಮಳೆಗಾಲದಲ್ಲಿ ಬೋಟಿನ ಮಾಲೀಕರೊಬ್ಬರು ಬಂದು, "ಚೌಕ ಕಣ್ಣಿನ ಚೀಲ ಒಂದು ಮಾಡಿಕೊಡಿ ಮಾರಾಯ್ರೆ" ಅಂದರು. ಕಣ್ಣು ಅಂದರೆ ಬಲೆಯ ತೂತು, ಚೀಲ ಅಂದರೆ ಟ್ರಾಲ್ ಬಲೆಯ ಕೊನೆಯ ಭಾಗ. ಮೀನು ಹೋಗಿ ತುಂಬುವುದು ಅಲ್ಲೇ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಈ ಚೌಕ ಕಣ್ಣಿನ ಬಗ್ಗೆ ಹೇಳುತ್ತಲೇ ಇದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮರಿಮೀನು ಹೋಗಲಿ ಅಂದರೆ ಕಣ್ಣು ದೊಡ್ಡದು ಮಾಡಿದರೆ ಸಾಕಲ್ವಾ ಅಂದುಕೊಂಡಿದ್ದೆ.

ಸಾಕಾಗುವುದಿಲ್ಲ. ಮಾಮೂಲಿ ಬಲೆಯ ಒಂದು ತುಂಡನ್ನು ಎರಡು ತುದಿ ಹಿಡಿದು ಎಳೆದು ನೋಡಿ. ಅದರ ಡೈಮಂಡ್ ಕಣ್ಣು, ಅಂದರೆ ವಜ್ರದಾಕಾರದ ಕಣ್ಣು, ಉದ್ದಕ್ಕೆ ಜಗ್ಗಿ ಸೀಳಿನ ಹಾಗೆ ಮುಚ್ಚಿಕೊಳ್ಳುತ್ತದೆ. ಬೋಟು ಎರಡು ಮೂರು ಗಂಟೆ ಎಳೆಯುವಾಗ, ಹಿಂದೆ ಮೀನಿನ ಭಾರ ಬೇರೆ ಇರುವಾಗ, ಆಗುವುದೂ ಇದೇ. ಮೀನಿನ ರಾಶಿಯ ಮುಂದಿನ ಕೆಲವು ಸಾಲು ಕಣ್ಣು ಮಾತ್ರ ತೆರೆದಿರುತ್ತದೆ. ದಡದಲ್ಲಿ ಬೆರಳು ತೂರುವ ಕಣ್ಣು ನೀರಲ್ಲಿ ಮರಿಗೆ ಗೋಡೆ.

ಅದೇ ಬಲೆಯನ್ನು ಎಳೆಯ ಗುಂಟ ಓರೆಯಾಗಿ ಕತ್ತರಿಸಿ 45 ಡಿಗ್ರಿ ತಿರುಗಿಸಿದರೆ ಕಣ್ಣು ಚೌಕವಾಗಿ ನಿಲ್ಲುತ್ತದೆ. ನೇರ ಎಳೆಗಳು ಭಾರ ಹೊರುತ್ತವೆ, ಅಡ್ಡ ಎಳೆಗಳು ಕಣ್ಣನ್ನು ಬಿಚ್ಚಿ ಹಿಡಿಯುತ್ತವೆ. ಹೇಳುವುದು ಸುಲಭ. ಓರೆ ಕತ್ತರಿಸುವಾಗ ಮೂಲೆಗಳೆಲ್ಲ ದಂಡ. ಮೊದಲ ಚೀಲದಲ್ಲಿ ಗಂಟುಗಳು ಜಾರಿ ಕಣ್ಣುಗಳು ಸೊಟ್ಟಗಾದವು, ಎರಡನೆಯದಕ್ಕೆ ಗಂಟಿಲ್ಲದ ಬಲೆ ತರಿಸಿದೆ. ಚೀಲವನ್ನು ಅದರ ಮುಂದಿರುವ ಡೈಮಂಡ್ ಬಲೆಗೆ ಜೋಡಿಸುವಾಗ ಒಂದು ಕಣ್ಣಿಗೆ ಒಂದು ಕಣ್ಣು ಹೊಂದುವುದಿಲ್ಲ, ಅಲ್ಲಲ್ಲಿ ಸೇರಿಸಿ ಹೊಲಿಯಬೇಕು. ಆ ಲೆಕ್ಕಕ್ಕೇ ನನಗೆ ಒಂದಿಡೀ ಮಧ್ಯಾಹ್ನ ಹಿಡಿಯಿತು.

ಅಳತೆಯಲ್ಲೂ ಎಲ್ಲರೂ ಎಡವುತ್ತಾರೆ. 40 ಮಿ.ಮೀ. ಕಣ್ಣು ಅಂದರೆ 40 ಮಿ.ಮೀ. ತೂತಲ್ಲ. ಕಣ್ಣನ್ನು ಜಗ್ಗಿ ಹಿಡಿದು ಒಂದು ಗಂಟಿನಿಂದ ಎದುರು ಗಂಟಿಗೆ ಅಳೆದ ಲೆಕ್ಕ ಅದು. ಚೌಕವಾಗಿ ನಿಂತಾಗ ಒಂದೊಂದು ಬದಿ 20 ಮಿ.ಮೀ. ಅಷ್ಟೆ. ಇದನ್ನು ಹೇಳಿದ ಮೇಲೆಯೇ ಮಾಲೀಕರ ಮುಖದ ಗಾಬರಿ ಸ್ವಲ್ಪ ಇಳಿದದ್ದು.

ಆದರೂ ಎಷ್ಟು ಹೋಗುತ್ತದೆ ಅಂತ ಕಣ್ಣಾರೆ ನೋಡಬೇಕು ಅಂದರು. ಚೀಲದ ಮೇಲೆ ಸಣ್ಣ ಕಣ್ಣಿನ ಇನ್ನೊಂದು ಬಲೆ ಹೊದಿಸಿದೆ, ತಪ್ಪಿಸಿಕೊಂಡದ್ದು ಅದರಲ್ಲಿ ಸಿಗಲಿ ಅಂತ. ಸಂಶೋಧಕರು ಪರೀಕ್ಷೆ ಮಾಡುವುದೂ ಹೀಗೇ. ಮೊದಲ ಎಳೆತದಲ್ಲಿ ಹೊದಿಕೆಯಲ್ಲಿ ಏನೂ ಇಲ್ಲ. ಬೋಟು ನಡೆಸುವ ತಂಡೇಲರು ನಕ್ಕರು. ಆಮೇಲೆ ಹೊಳೆಯಿತು: ಹೊದಿಕೆ ಚೀಲಕ್ಕೇ ಅಂಟಿಕೊಂಡು ಕಣ್ಣು ಮುಚ್ಚಿತ್ತು. ಪೈಪ್ ಬಗ್ಗಿಸಿ ಬಳೆ ಮಾಡಿ ಕಟ್ಟಿ, ಹೊದಿಕೆಯನ್ನು ದೂರ ನಿಲ್ಲಿಸಿದೆ. ಮುಂದಿನ ಸಲ ವಿಂಚ್ ಮೇಲೆಳೆದಾಗ ಹೊದಿಕೆಯಲ್ಲಿ ಒಂದು ಬುಟ್ಟಿಯಷ್ಟು ಮರಿ. ಕಿರುಬೆರಳುದ್ದದ ಮದಿಮಾಲ್, ಅಂದರೆ ರಾಣಿ ಮೀನು, ಅದರ ಜೊತೆ ಡಿಸ್ಕೊ ಅನ್ನುವ ಮೀನು, ಪುಡಿ ಸಿಗಡಿ. ಚೀಲದಲ್ಲಿ ಉಳಿದಿದ್ದ ರಾಣಿ ಮೀನು ಹೆಚ್ಚುಕಡಿಮೆ ಒಂದೇ ಅಳತೆ.

ಆ ಬುಟ್ಟಿ ದಕ್ಕೆಗೆ, ಅಂದರೆ ಮೀನು ಇಳಿಸುವ ಕಟ್ಟೆಗೆ, ಹೋಗಿದ್ದರೆ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಯ ಅಗ್ಗದ ರೇಟು. ಸಮುದ್ರದಲ್ಲೇ ಉಳಿದರೆ? "ನಾವು ಬಿಟ್ಟದ್ದನ್ನು ಪಕ್ಕದ ಬೋಟಿನವ ಹಿಡೀತಾನೆ" ಅಂದರು ತಂಡೇಲರು. ಸುಳ್ಳಲ್ಲ, ಉತ್ತರ ಕೊಡಲು ನನಗೂ ಬಾಯಿ ಬರಲಿಲ್ಲ. ಆದರೆ ಡೆಕ್ಕಿನ ಮೇಲೆ ಕಲಾಸಿಗಳಿಗೆ, ಅಂದರೆ ಬೋಟಿನ ಕೆಲಸದವರಿಗೆ, ಮೀನು ಆರಿಸುವ ಕೆಲಸ ಕಡಿಮೆಯಾಯಿತು. ಚೀಲ ಉಳಿದದ್ದು ಅದರಿಂದಲೇ, ನನ್ನ ಮಾತಿನಿಂದಲ್ಲ.

ಚೌಕ ಕಣ್ಣು ಎಲ್ಲ ಮೀನಿಗೂ ಒಗ್ಗುವುದಿಲ್ಲ. ಉರುಟು ಮೈಯ ಮೀನು ಸಲೀಸಾಗಿ ತೂರಿಕೊಳ್ಳುತ್ತದೆ. ನಂಗಿನಂಥ ಚಪ್ಪಟೆ ಮೀನಿಗೆ ಡೈಮಂಡೇ ವಾಸಿ. ಇನ್ನು ಪಾಂಬೋಲ್ (ರಿಬ್ಬನ್ ಮೀನು) ಸೀಸನ್ ಬಂದರೆ ನನಗೆ ಫೋನಿನಲ್ಲೇ ಬೈಗುಳ. ಸಣ್ಣ ಪಾಂಬೋಲ್ ಕಣ್ಣಿನಲ್ಲಿ ಅರ್ಧ ತೂರಿ ಸಿಕ್ಕಿಕೊಳ್ಳುತ್ತದೆ, ಒಂದೊಂದನ್ನೇ ಕೈಯಿಂದ ಬಿಡಿಸಬೇಕು. ಅದಕ್ಕೆ ಇನ್ನೂ ನನ್ನ ಹತ್ತಿರ ಮದ್ದಿಲ್ಲ.