ಕಟ್ಟು ಕೊಂಡು ಆರಿಸುವುದು: ಕೆನಡಾದ ಹಳೆಯ 1 ಮತ್ತು 2 ಡಾಲರ್ ನೋಟು

ಕೆನಡಾದ ಸಣ್ಣ ಮುಖಬೆಲೆಯ ನೋಟನ್ನು ಕಟ್ಟುಗಟ್ಟಲೆ ಕೊಂಡರೆ ದುಡ್ಡು ದಂಡ, ಗರಿಗರಿಯಾದದ್ದನ್ನೇ ಒಂದೊಂದಾಗಿ ಕೊಳ್ಳಬೇಕು ಎನ್ನುವವರೇ ಹೆಚ್ಚು. ನನ್ನ 1954ರ 1 ಡಾಲರ್ ಸಾಲು ಪೂರ್ತಿಯಾದದ್ದು ಕಟ್ಟುಗಳಿಂದಲೇ. ಹಾಕಿದ ದುಡ್ಡೂ ಬಹುಪಾಲು ಕೈಸೇರಿದೆ.

ಲೆಕ್ಕ ಸರಳ. 2021ರ ಜನವರಿ 1ರಿಂದ 1 ಮತ್ತು 2 ಡಾಲರ್ ನೋಟುಗಳಿಗೆ ಕಾನೂನುಬದ್ಧ ಚಲಾವಣೆ ಇಲ್ಲ, ಆದರೆ ಬ್ಯಾಂಕ್ ಆಫ್ ಕೆನಡಾ ಈಗಲೂ ಮುಖಬೆಲೆ ಕೊಡುತ್ತದೆ. ಹಾಗಾಗಿ ಮುಖಬೆಲೆಯ ಮೇಲೆ ಕೊಟ್ಟದ್ದಷ್ಟೇ ಅಪಾಯದಲ್ಲಿರುವ ದುಡ್ಡು. 1973ರ 1 ಡಾಲರ್‌ಗೆ ನೋಟೊಂದಕ್ಕೆ ನಾನು ಕೊಡುವುದು ಸುಮಾರು ಒಂದೂಕಾಲು ಡಾಲರ್, 1954ರದಕ್ಕೆ ಎರಡರ ಆಸುಪಾಸು, ಅದೂ ಅಂಚೆ ಖರ್ಚು ಸೇರಿಸಿ. ಅದಕ್ಕಿಂತ ಮೇಲೆ ಹೋದರೆ ಬಿಟ್ಟುಬಿಡುತ್ತೇನೆ. ಐವತ್ತಕ್ಕಿಂತ ಸಣ್ಣ ಕಟ್ಟಿನಲ್ಲಿ ಅಂಚೆ ಖರ್ಚೇ ಲಾಭವನ್ನು ನುಂಗುತ್ತದೆ.

ದೊಡ್ಡ ತೊಡಕು ಎಂದರೆ ಮೊದಲೇ ಆರಿಸಿ ಉಳಿದದ್ದನ್ನು ಮಾರುವ ಕಟ್ಟುಗಳು. ಎಲ್ಲದರಲ್ಲೂ ಬ್ಯಾಂಕಿನ ಅಧಿಕಾರಿಗಳ ಒಂದೇ ಜೋಡಿ ಸಹಿ, ಒಂದೇ ದರ್ಜೆ ಇದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದೇ ತಿಳಿಯಿರಿ. ಮನೆಯಲ್ಲಿ ಕೂಡಿಟ್ಟ ಕಟ್ಟಿನಲ್ಲಿ 1954, 1967, 1973 ಕಲಸಿರುತ್ತವೆ, ಮೇಲಿನ ಮತ್ತು ಕೆಳಗಿನ ನೋಟಿಗೆ ರಬ್ಬರ್‌ ಬ್ಯಾಂಡಿನ ಗುರುತು ಬಿದ್ದಿರುತ್ತದೆ. ನನಗೆ ಬೇಕಾದದ್ದು ಅಂಥದ್ದು. 1967ರಲ್ಲಿ ಕ್ರಮಸಂಖ್ಯೆಯ ಜಾಗದಲ್ಲಿ 1867–1967 ಎಂದಿರುವುದನ್ನು ಜನ ನೆನಪಿಗೆಂದು ರಾಶಿ ಎತ್ತಿಟ್ಟಿದ್ದರು, ಅದಕ್ಕೆ ಬೆಲೆಯೇ ಇಲ್ಲ.

ಆರಿಸುವಾಗ ಮೊದಲು ಸರಣಿ (ನೋಟಿನ ಮೇಲಿನ ಇಸವಿ), ಆಮೇಲೆ ಸಹಿ, ಕೊನೆಗೆ ಪ್ರಿಫಿಕ್ಸ್, ಅಂದರೆ ಕ್ರಮಸಂಖ್ಯೆಯ ಮುಂದಿನ ಅಕ್ಷರಗಳು. 1954ರ 1 ಡಾಲರ್‌ನಲ್ಲಿ ಬೀಟಿ–ಕಾಯ್ನ್ ಸಹಿ ಎರಡು ಬಗೆಯ ಮುದ್ರಣದಲ್ಲೂ ಬರುವುದರಿಂದ ಸಹಿ ನೋಡಿ ತೀರ್ಮಾನಿಸುವಂತಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಕನ್ನಡಿ) ಹಿಡಿದು ರಾಣಿಯ ಕಿವಿಯ ಹಿಂದಿನ ಕೂದಲು ನೋಡಿ: ತಿಳಿ ಬಣ್ಣದ ಸುರುಳಿಗಳು ಸೇರಿ ಹಲ್ಲು ಕಿರಿದ ಮುಖದಂತೆ ಕಂಡರೆ ಅದು ಮೊದಲ ಮುದ್ರಣದ ‘ಡೆವಿಲ್ಸ್ ಫೇಸ್’. 1956ರಲ್ಲಿ ಆ ಜಾಗವನ್ನು ಕಪ್ಪಾಗಿಸಿದರು. ಕಾಯ್ನ್–ಟವರ್ಸ್ ಸಹಿಯಿದ್ದರೆ ಲೂಪ್ ಬೇಕಿಲ್ಲ, ಮೊದಲನೆಯದೇ. ಆಮೇಲಿನ ಬೀಟಿ–ರಾಸ್ಮಿನ್ಸ್ಕಿ, ಬೂಯಿ–ರಾಸ್ಮಿನ್ಸ್ಕಿ, ಲಾಸನ್–ಬೂಯಿ ಮೂರೂ ತಿದ್ದಿದ ಮುಖದವು.

ಸ್ಟಾರ್ ನೋಟು, ಅಂದರೆ ಅಚ್ಚಿನಲ್ಲಿ ಕೆಟ್ಟದ್ದರ ಬದಲಿಗೆ ಹಾಕುವ ನಕ್ಷತ್ರ ಗುರುತಿನ ನೋಟು, ನಮ್ಮಲ್ಲಿ 2006ರಲ್ಲಿ ಬಂತು; ಕೆನಡಾದವರು 1954ರ ಸರಣಿಯಲ್ಲೇ ಪ್ರಿಫಿಕ್ಸ್‌ ಮುಂದೆ ನಕ್ಷತ್ರ ಇಟ್ಟಿದ್ದರು. ಪ್ರಿಫಿಕ್ಸ್ ಮೂರಕ್ಷರಕ್ಕೆ ಬೆಳೆದ ಮೇಲೆ ನಕ್ಷತ್ರ ಹೋಗಿ ಮೂರನೆಯ ಅಕ್ಷರ ಎಕ್ಸ್ ಆಯಿತು. ಮಾರುವವರು ನಕ್ಷತ್ರ ಹುಡುಕುತ್ತಾರೆ, ಎಕ್ಸ್ ಅನ್ನು ದಾಟಿಸಿಬಿಡುತ್ತಾರೆ. ನನ್ನ ಲಾಭದ ಮುಕ್ಕಾಲು ಪಾಲು ಅಲ್ಲೇ. ಯಾವ ಪ್ರಿಫಿಕ್ಸ್‌ಗಳನ್ನು ಮೊದಲು ತೆಗೆಯುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

1989ರಲ್ಲಿ 1 ಡಾಲರ್ ನೋಟನ್ನು ಕತ್ತರಿಸದೆ 40ರ ಹಾಳೆಯಾಗಿಯೂ ಮಾರಿದ್ದರು. ಅದನ್ನು ಮನೆಯಲ್ಲಿ ಕತ್ತರಿಸಿ ‘ಹೊಚ್ಚಹೊಸದು’ ಎಂದು ದಾಟಿಸುವವರಿದ್ದಾರೆ. ಬೇರೊಂದು ನೋಟಿನ ಮೇಲಿಟ್ಟು ಅಂಚು ಹೊಂದಿಸಿ. ಮನೆಯಲ್ಲಿ ಕತ್ತರಿಸಿದ್ದಾದರೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಒತ್ತಿ, ತೊಳೆದು ಚಂದ ಮಾಡುವ ಕಸುಬನ್ನು 1973ರ ಅಗ್ಗದ ನೋಟುಗಳ ಮೇಲೆ ಪರೀಕ್ಷಿಸಿದ್ದೇನೆ. ತೇವದ ಬ್ಲಾಟಿಂಗ್ ಕಾಗದದ ನಡುವೆ ಇಟ್ಟು ಭಾರ ಹೇರಿದರೆ ಮಡಿಕೆ ಮಾಯವಾಗುತ್ತದೆ ನಿಜ, ಜೊತೆಗೆ ಶಾಯಿಯ ಉಬ್ಬೂ ಹೋಗುತ್ತದೆ. ಉಗುರು ಆಡಿಸಿದರೆ ನುಣುಪು. ಬಟ್ಟೆ ಸೋಪಿನ ಪುಡಿಯಲ್ಲಿ ಅದ್ದಿದ್ದು ಯುವಿ ಟಾರ್ಚಿನಡಿ ಬೆಳ್ಳಗೆ ಹೊಳೆಯಿತು, ಪಕ್ಕದಲ್ಲಿಟ್ಟ ಮುಟ್ಟದ ನೋಟು ಮಂಕಾಗಿಯೇ ಇತ್ತು. ಮಡಿಕೆ ಇದ್ದರೂ ಸರಿ, ಕಾಗದ ಮೂಲದ್ದಿರಲಿ. ಎರಡು ಮಡಿಕೆಯ ಮುಟ್ಟದ ನೋಟು, ಒತ್ತಿದ ‘ಹೊಸ’ ನೋಟಿಗಿಂತ ಬೇಗ ಮಾರಾಟವಾಗುತ್ತದೆ. ಮೆತ್ತನೆಯ, ವಾಸನೆ ಬರುವ ಪಿವಿಸಿ ಹಾಳೆಯ ಆಲ್ಬಮ್ ಬೇಡವೇ ಬೇಡ, ವರ್ಷಗಳಲ್ಲಿ ಅಂಟು ಬಿಡುತ್ತದೆ. ಪಾಲಿಯೆಸ್ಟರ್ ಕವರಿಗೆ ಒಂದೆರಡು ಪಟ್ಟು ಕೊಟ್ಟರೂ ನಷ್ಟವಿಲ್ಲ.

ಕಟ್ಟಿನಲ್ಲಿ ಸಿಗದ್ದು 25 ಸೆಂಟಿನ ಶಿನ್‌ಪ್ಲಾಸ್ಟರ್: 1870, 1900, 1923. ಅಮೆರಿಕದ ಬೆಳ್ಳಿ ನಾಣ್ಯಗಳನ್ನು ಹೊರಗಟ್ಟುವಾಗ ಚಿಲ್ಲರೆಗೆಂದು ಮೊದಲು ಅಚ್ಚು ಹಾಕಿದ ಪುಟ್ಟ ನೋಟು ಇದು. ಇದನ್ನು ಮಾತ್ರ ಒಂದೊಂದಾಗಿಯೇ ಕೊಳ್ಳುತ್ತೇನೆ. ಸವೆದ ಅಂಚನ್ನು ಕತ್ತರಿಸಿ ನೇರ ಮಾಡಿದವು, ಮೂಲೆಗೆ ಕಾಗದ ಹಚ್ಚಿ ಕಟ್ಟಿದವು ಬಹಳ. ಬೆಳಕಿಗೆ ಹಿಡಿದರೆ ಹಚ್ಚಿದ ಜಾಗ ದಪ್ಪಗೆ, ಕಪ್ಪಗೆ ಕಾಣುತ್ತದೆ. 1900ರದರಲ್ಲಿ ಬೋವಿಲ್ ಸಹಿಯದು ಸುಲಭವಾಗಿ ಸಿಗುತ್ತದೆ, ಸವೆದದ್ದಕ್ಕೆ ಹತ್ತು ಹದಿನೈದು ಡಾಲರ್ ಕೊಟ್ಟ ನೆನಪು. 1870ರದರಲ್ಲಿ ಇಸವಿಯ ಬಳಿ ‘ಎ’ ಅಕ್ಷರ ಇದೆಯೇ ನೋಡಿ, ಇದ್ದರೆ ಚೌಕಾಸಿ ಮಾಡುತ್ತಾ ಕೂರಬೇಡಿ.