ಮನೆಯ ಕಂಪ್ಯೂಟರಿನ ಬ್ಯಾಕಪ್: ಹಾರ್ಡ್ ಡಿಸ್ಕ್ ಸಾಕೇ, ಆನ್‌ಲೈನ್ ಸೇವೆ ಬೇಕೇ?

ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ನನ್ನ ಕಂಪ್ಯೂಟರ್ ಏಳಲೇ ಇಲ್ಲ. ಒಳಗಿನ ಡಿಸ್ಕ್ ಕೆಟ್ಟಿತ್ತು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಲ್ಲಿ ಮೇಜಿನ ಡ್ರಾಯರಿನಿಂದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ತೆಗೆದು ಮತ್ತೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಪುಟ್ಟ ದೀಪ ಮಿನುಗಿತು, ಫೋಲ್ಡರುಗಳೆಲ್ಲ ಸಾಲಾಗಿ ಕಾಣಿಸಿಕೊಂಡವು. ಆದರೆ ಅವುಗಳ ಪಕ್ಕದಲ್ಲಿದ್ದ ದಿನಾಂಕ ಹದಿನಾಲ್ಕು ತಿಂಗಳಷ್ಟು ಹಳೆಯದಾಗಿತ್ತು. ಡಿಸ್ಕ್ ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತ್ತು. ಅದನ್ನು ಆಗಾಗ ತೆಗೆದು ಜೋಡಿಸಬೇಕಾಗಿದ್ದವನು ನಾನು, ಮರೆತವನೂ ನಾನೇ.

ಆದ್ದರಿಂದ ಈ ಎರಡರಲ್ಲಿ ಒಂದನ್ನು ಆರಿಸುವಾಗ ಬೆಲೆಯ ಲೆಕ್ಕದಿಂದ ಆರಂಭಿಸುವುದು ಸರಿಯೆಂದು ನನಗೆ ತೋರುವುದಿಲ್ಲ. ಯಾವ ಅವಘಡವನ್ನು ಯಾವುದು ತಡೆದುಕೊಳ್ಳುತ್ತದೆ ಮತ್ತು ಅದನ್ನು ದಿನವೂ ನಡೆಸಿಕೊಂಡು ಹೋಗುವ ಹೊಣೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಬೆಲೆ ಆಮೇಲಿನ ಮಾತು.

ಮೊದಲು ಏನಿದೆ ಎಂದು ನೋಡಿ

ಕಂಪ್ಯೂಟರಿನಲ್ಲಿರುವುದೆಲ್ಲವನ್ನೂ ಕಾಪಾಡಬೇಕಾಗಿಲ್ಲ. ಆಪರೇಟಿಂಗ್ ಸಿಸ್ಟಮ್, ತಂತ್ರಾಂಶಗಳು, ಡೌನ್‌ಲೋಡ್ ಮಾಡಿಕೊಂಡ ಸಿನಿಮಾಗಳು ಮತ್ತೆ ಸಿಗುತ್ತವೆ. ಮತ್ತೆ ಸಿಗದಿರುವುದು ನೀವು ತೆಗೆದ ಫೋಟೋ, ವಿಡಿಯೋ, ಬರೆದ ಕಡತ, ಲೆಕ್ಕಪತ್ರ, ಸ್ಕ್ಯಾನ್ ಮಾಡಿಟ್ಟ ದಾಖಲೆ, ಮೇಲ್ ಸಂಗ್ರಹ ಇಂಥವು. ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಒಟ್ಟು ಎಷ್ಟು ಜಿಬಿ ಇದೆ ಎಂಬುದು ತಿಳಿಯುತ್ತದೆ. ಡೆಸ್ಕ್‌ಟಾಪಿನ ಮೇಲೆಯೇ ಎಲ್ಲವನ್ನೂ ಹರಡಿಕೊಳ್ಳುವ ಅಭ್ಯಾಸವಿದ್ದವರು, ಡಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿಕೊಂಡವರು ಅವುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ತೀರ್ಮಾನಗಳಲ್ಲಿ ಹೆಚ್ಚಿನವು ಇದರ ಮೇಲೆಯೇ ನಿಂತಿವೆ.

ಹಾರ್ಡ್ ಡಿಸ್ಕಿನ ದಾರಿ

ಹಾರ್ಡ್ ಡಿಸ್ಕಿನ ದೊಡ್ಡ ಗುಣ ವೇಗ. ಸಾಮಾನ್ಯ ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ದೊಡ್ಡ ಕಡತಗಳನ್ನು ಸೆಕೆಂಡಿಗೆ 100 ಎಂಬಿಯಂತೆ ಬರೆಯಬಹುದೆಂದು ಹಿಡಿದರೆ 500 ಜಿಬಿ ದತ್ತಾಂಶ ಒಂದೂವರೆ ಗಂಟೆಯೊಳಗೆ ಪ್ರತಿಯಾಗಿ ಮುಗಿಯುತ್ತದೆ. ಸಾವಿರಾರು ಸಣ್ಣ ಕಡತಗಳಿದ್ದರೆ ಇನ್ನಷ್ಟು ಹೊತ್ತು ಹಿಡಿದೀತು. ಕಂಪ್ಯೂಟರ್ ಕೆಟ್ಟ ದಿನ ಎಲ್ಲವನ್ನೂ ವಾಪಸು ಪಡೆಯಲು ತಗಲುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಇಂಟರ್ನೆಟ್ ಬೇಡ, ತಿಂಗಳ ಚಂದಾ ಬೇಡ, ನಿಮ್ಮ ಕಡತಗಳು ಬೇರೆಯವರ ಯಂತ್ರದಲ್ಲಿ ಇರಬೇಕಾಗಿಯೂ ಇಲ್ಲ.

ಕೊಳ್ಳುವಾಗ, ಬರೆದಿಟ್ಟುಕೊಂಡ ಅಂಕಿಯ ಎರಡು ಪಟ್ಟಾದರೂ ಜಾಗವಿರುವ ಡಿಸ್ಕನ್ನು ಆರಿಸಿ, ಏಕೆಂದರೆ ಒಳ್ಳೆಯ ಬ್ಯಾಕಪ್ ಕಡತದ ಹಳೆಯ ರೂಪಗಳನ್ನೂ ಉಳಿಸಿಕೊಳ್ಳುತ್ತದೆ. ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿ ಚಿಕ್ಕದು, ವೇಗದ್ದು, ಕೈಜಾರಿ ಬಿದ್ದರೂ ತಾಳಿಕೊಳ್ಳುತ್ತದೆ. ಆದರೆ ಅದರಲ್ಲಿ ದತ್ತಾಂಶ ನಿಂತಿರುವುದು ವಿದ್ಯುದಾವೇಶದ ರೂಪದಲ್ಲಿ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಆ ಆವೇಶ ನಿಧಾನವಾಗಿ ಸೋರಿಹೋಗಬಲ್ಲದು. ಬೀರುವಿನಲ್ಲಿಟ್ಟು ಅಪರೂಪಕ್ಕೆ ತೆಗೆಯುವ ಪ್ರತಿಗೆ ತಿರುಗುವ ತಟ್ಟೆಯ ಹಳೆಯ ಬಗೆಯ ಡಿಸ್ಕೇ ನನಗೆ ಹೆಚ್ಚು ಒಪ್ಪಿಗೆ. ಅದಕ್ಕೆ ಬೇರೆ ದೌರ್ಬಲ್ಯವಿದೆ: ತಟ್ಟೆ ತಿರುಗುವಾಗ ಓದುವ ತಲೆ ಅದರಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ, ಆ ಹೊತ್ತಿನಲ್ಲಿ ಮೇಜಿನಿಂದ ಬಿದ್ದರೆ ತಲೆ ತಟ್ಟೆಗೆ ತಗುಲಿ ಗೀರುತ್ತದೆ. ಒಳಗಿನಿಂದ ಟಕ್, ಟಕ್ ಎಂದು ಒಂದೇ ಲಯದಲ್ಲಿ ಸದ್ದು ಕೇಳಿಸಿದರೆ ಮತ್ತೆ ಮತ್ತೆ ಚಾಲೂ ಮಾಡಿ ನೋಡುವ ಸಾಹಸ ಬೇಡ.

ಹೊಸ ಡಿಸ್ಕನ್ನು ಸಿದ್ಧಪಡಿಸುವಾಗ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಸುವುದಿಲ್ಲ, ಉದ್ದನೆಯ ವಿಡಿಯೋಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಕಡತಗಳನ್ನು ಬರೆಯಬೇಕಾದವರಿಗೆ ಎಕ್ಸ್‌ಫ್ಯಾಟ್ ಅನುಕೂಲ. ಎರಡನೆಯದು ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಗೊತ್ತಿಲ್ಲದವರಿಗೆ ಓದಲಾಗದಂತೆ ಕಡತಗಳನ್ನು ಮಾರ್ಪಡಿಸಿಡುವುದು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ವಸ್ತು ಕಳವಾದರೆ ನಿಮ್ಮ ದಾಖಲೆಗಳೆಲ್ಲ ಜೊತೆಯಲ್ಲೇ ಹೋಗುತ್ತವೆ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ, ಮ್ಯಾಕ್‌ನಲ್ಲಿ ಟೈಮ್ ಮೆಷೀನ್ ಸಿದ್ಧಪಡಿಸುವಾಗಲೇ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಸಿಗುತ್ತದೆ, ಉಳಿದವರು ಉಚಿತವಾಗಿ ದೊರೆಯುವ ವೆರಾಕ್ರಿಪ್ಟ್ ಬಳಸಬಹುದು.

ಇನ್ನು ಪ್ರತಿ ಮಾಡುವ ಕೆಲಸ. ಫೋಲ್ಡರನ್ನು ಮೌಸಿನಿಂದ ಎಳೆದು ಡಿಸ್ಕಿಗೆ ಹಾಕುವುದನ್ನೇ ಬ್ಯಾಕಪ್ ಎಂದುಕೊಳ್ಳುವವರು ಬಹಳ ಮಂದಿ. ಮೂರನೆಯ ಬಾರಿಗೆ ‘ಇದೇ ಹೆಸರಿನ ಕಡತ ಆಗಲೇ ಇದೆ, ಬದಲಾಯಿಸಬೇಕೇ’ ಎಂದು ಕಂಪ್ಯೂಟರ್ ಕೇಳಿದಾಗ ಯಾವುದು ಹೊಸದು, ಯಾವುದು ಹಳೆಯದು ಎಂಬ ಗೊಂದಲ ಆರಂಭವಾಗುತ್ತದೆ, ಕೊನೆಗೆ ‘ಫೋಟೋ ಹೊಸದು 2’, ‘ಫೋಟೋ ಕೊನೆಯದು’ ಎಂಬ ಫೋಲ್ಡರುಗಳು ಹುಟ್ಟಿಕೊಳ್ಳುತ್ತವೆ. ಇದನ್ನು ತಂತ್ರಾಂಶಕ್ಕೆ ಒಪ್ಪಿಸುವುದೇ ಲೇಸು. ಮ್ಯಾಕ್‌ನಲ್ಲಿ 2007ರಿಂದಲೂ ಇರುವ ಟೈಮ್ ಮೆಷೀನ್ ಗಂಟೆಗೊಮ್ಮೆ ಪ್ರತಿ ತೆಗೆದು, ಕಳೆದ ಒಂದು ದಿನದ್ದನ್ನು ಗಂಟೆಗೊಂದರಂತೆ, ಕಳೆದ ತಿಂಗಳಿನದನ್ನು ದಿನಕ್ಕೊಂದರಂತೆ, ಅದಕ್ಕಿಂತ ಹಿಂದಿನದನ್ನು ವಾರಕ್ಕೊಂದರಂತೆ ಡಿಸ್ಕಿನಲ್ಲಿ ಜಾಗವಿರುವವರೆಗೆ ಉಳಿಸಿಕೊಳ್ಳುತ್ತದೆ. ವಿಂಡೋಸ್‌ನ ಫೈಲ್ ಹಿಸ್ಟರಿಯೂ ಇದೇ ಜಾತಿಯದು, ವಿಂಡೋಸ್ 11ರಲ್ಲಿ ಅದನ್ನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಹುಡುಕಬೇಕು. ಅಲ್ಲಿ ಒಂದು ತೊಡಕಿದೆ: ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ನಿಗದಿತ ಜಾಗಗಳನ್ನು ಮಾತ್ರ ಅದು ತಾನಾಗಿ ಗಮನಿಸುತ್ತದೆ, ಡಿ ಡ್ರೈವಿನಲ್ಲಿ ನೀವೇ ಮಾಡಿಕೊಂಡ ಫೋಲ್ಡರನ್ನು ಲೈಬ್ರರಿಗೆ ಸೇರಿಸದಿದ್ದರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಲಿನಕ್ಸ್ ಬಳಸುವವರಿಗೆ ದೇಜಾ ಡುಪ್ ಸಾಕು.

ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡಬೇಕೇ, ಕಳಚಿಡಬೇಕೇ ಎಂಬುದು ಈ ದಾರಿಯ ನಿಜವಾದ ಬಿಕ್ಕಟ್ಟು. ಸಿಕ್ಕಿಸಿಟ್ಟರೆ ಬ್ಯಾಕಪ್ ತಾನಾಗಿ ನಡೆಯುತ್ತದೆ, ಆದರೆ 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈನಂಥ, ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರ‍್ಯಾನ್ಸಮ್‌ವೇರ್ ಕಂಪ್ಯೂಟರಿನೊಳಗಿನ ಕಡತಗಳ ಜೊತೆಗೆ, ಜೋಡಿಸಿರುವ ಡಿಸ್ಕಿನ ಕಡತಗಳಿಗೂ ಬೀಗ ಜಡಿಯುತ್ತದೆ. ವಿದ್ಯುತ್ತಿನ ಏರುಪೇರಾದರೂ ಎರಡಕ್ಕೂ ಒಟ್ಟಿಗೇ ಏಟು. ಕಳಚಿಟ್ಟರೆ ಈ ಭಯವಿಲ್ಲ, ಆದರೆ ನನಗಾದಂತೆ ಹದಿನಾಲ್ಕು ತಿಂಗಳು ಕಳೆದುಹೋಗುತ್ತವೆ. ಕಟ್ಟುನಿಟ್ಟಾಗಿ ಇದನ್ನು ನಿಭಾಯಿಸಬಲ್ಲವರು ಎರಡು ಡಿಸ್ಕುಗಳನ್ನು ಇಟ್ಟುಕೊಂಡು ಒಂದನ್ನು ಜೋಡಿಸಿ, ಮತ್ತೊಂದನ್ನು ನಂಬಿಕಸ್ಥ ನೆಂಟರ ಮನೆಯಲ್ಲಿಟ್ಟು ತಿಂಗಳಿಗೊಮ್ಮೆ ಅದಲುಬದಲು ಮಾಡುತ್ತಾರೆ. ನಾನು ಅದನ್ನು ಮಾಡಲು ಹೋಗಿ ಮೂರು ತಿಂಗಳಲ್ಲಿ ಕೈಬಿಟ್ಟೆ. ಎರಡೂ ಡಿಸ್ಕುಗಳು ಒಂದೇ ಮನೆಯಲ್ಲಿದ್ದರೆ ಬೆಂಕಿ, ನೀರು, ಕಳ್ಳತನಗಳಿಗೆ ಅವು ಒಂದೇ ಡಿಸ್ಕಿನ ಸಮ.

ಆನ್‌ಲೈನ್ ದಾರಿ

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಒಂದು ಗಂಟಿದೆ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳು ಮುಖ್ಯವಾಗಿ ಸಿಂಕ್ ಸೇವೆಗಳು. ಒಂದು ಕಡೆ ಆದದ್ದನ್ನು ಎಲ್ಲ ಕಡೆಯೂ ಆಗಿಸುವುದು ಅವುಗಳ ಕೆಲಸ, ಅಳಿಸುವುದೂ ಅದರಲ್ಲಿ ಸೇರಿದೆ. ಲ್ಯಾಪ್‌ಟಾಪಿನಲ್ಲಿ ತಪ್ಪಾಗಿ ಅಳಿಸಿದ ಫೋಲ್ಡರ್ ಕ್ಷಣಾರ್ಧದಲ್ಲಿ ಸರ್ವರಿನಿಂದಲೂ ಅಳಿದು ಕಸದಬುಟ್ಟಿ ಸೇರುತ್ತದೆ. ಗೂಗಲ್ ಡ್ರೈವಿನ ಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಇಲ್ಲ. ಹೋದ ವರ್ಷದ ಪ್ರವಾಸದ ಫೋಟೋಗಳು ಕಾಣೆಯಾಗಿವೆ ಎಂಬುದು ಮೂವತ್ತೊಂದನೆಯ ದಿನ ನಿಮ್ಮ ಗಮನಕ್ಕೆ ಬಂದರೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಇದರ ಜೊತೆಗೆ, ಜಾಗ ಉಳಿಸುವ ಸಲುವಾಗಿ ಈ ಸೇವೆಗಳು ಕೆಲವು ಕಡತಗಳ ಹೆಸರನ್ನು ಮಾತ್ರ ಕಂಪ್ಯೂಟರಿನಲ್ಲಿ ತೋರಿಸಿ, ತಿರುಳನ್ನು ಸರ್ವರಿನಲ್ಲಿಯೇ ಇಟ್ಟಿರುತ್ತವೆ. ಹೆಸರಿನ ಪಕ್ಕದಲ್ಲಿ ಮೋಡದ ಚಿಹ್ನೆ ಕಂಡರೆ ಅದು ಅಂಥ ಕಡತ. ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆಯುವ ಕೆಲವು ತಂತ್ರಾಂಶಗಳು ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ಯಾಕ್‌ಬ್ಲೇಜ್, ಐಡ್ರೈವ್‌ಗಳಂಥ ಬ್ಯಾಕಪ್ ಸೇವೆಗಳ ರೀತಿ ಬೇರೆ. ಅವು ಹಿನ್ನೆಲೆಯಲ್ಲಿ ಕುಳಿತು ಬದಲಾದ ಕಡತಗಳನ್ನು ಕಳುಹಿಸುತ್ತಾ, ಹಳೆಯ ರೂಪಗಳನ್ನು ಯೋಜನೆಗೆ ಅನುಗುಣವಾಗಿ ಉಳಿಸಿಕೊಳ್ಳುತ್ತವೆ. ಚಂದಾ ಕಟ್ಟುವ ಮೊದಲು ಷರತ್ತುಗಳಲ್ಲಿ ಓದಬೇಕಾದ ಮೊದಲ ಸಾಲು ಯಾವುದೆಂದರೆ, ಅಳಿಸಿದ ಕಡತವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂಬುದಕ್ಕೆ ಅವರು ಕೊಡುವ ಉತ್ತರ.

ಮೊದಲ ಅಪ್‌ಲೋಡಿಗೆ ತಾಳ್ಮೆ ಬೇಕು. ಮನೆಯ ಸಂಪರ್ಕಗಳಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡಿಗಿಂತ ಬಹಳ ಕಡಿಮೆ ಇರುವುದುಂಟು, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಡೌನ್‌ಲೋಡ್ ಅಂಕಿಯನ್ನೇ. 10 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಸೆಕೆಂಡಿಗೆ 10 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್ ಆದ್ದರಿಂದ ಅದು ಸೆಕೆಂಡಿಗೆ 1.25 ಎಂಬಿ (ಮೆಗಾಬೈಟ್). ಆ ಲೆಕ್ಕದಲ್ಲಿ 500 ಜಿಬಿ ಕಳುಹಿಸಲು ಹಗಲೂ ರಾತ್ರಿಯೂ ಬಿಡದೆ ನಡೆದರೂ ಸುಮಾರು 111 ಗಂಟೆ, ಅಂದರೆ ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಕಂಪ್ಯೂಟರ್ ನಿದ್ರೆಗೆ ಜಾರಿದರೆ ಅಪ್‌ಲೋಡೂ ನಿಲ್ಲುತ್ತದೆಯಾದ್ದರಿಂದ ಆ ವಾರದ ಮಟ್ಟಿಗೆ ಸ್ಲೀಪ್ ಆಯ್ಕೆಯನ್ನು ಬದಲಾಯಿಸಿಕೊಳ್ಳಿ. ಸಂಪರ್ಕಕ್ಕೆ ತಿಂಗಳ ಡೇಟಾ ಮಿತಿ ಇದ್ದರೆ ಮೊದಲು ಅದನ್ನು ನೋಡಿ. ದಾಖಲೆಗಳ ಫೋಲ್ಡರ್ ಚಿಕ್ಕದಾದ್ದರಿಂದ ಅದನ್ನು ಮೊದಲ ರಾತ್ರಿ ಕಳುಹಿಸಿ, ಫೋಟೋಗಳನ್ನು ವರ್ಷವಾರು ಸೇರಿಸುತ್ತಾ, ವಿಡಿಯೋಗಳನ್ನು ಕೊನೆಗೆ ಉಳಿಸಿಕೊಳ್ಳುವುದು ಒಳ್ಳೆಯ ಕ್ರಮ. ಮೊದಲ ಸುತ್ತು ಮುಗಿದ ಮೇಲೆ ದಿನನಿತ್ಯದ ಬದಲಾವಣೆಗಳು ನಿಮಗೆ ಗೊತ್ತೇ ಆಗದಂತೆ ಹೋಗುತ್ತಿರುತ್ತವೆ, ಮತ್ತು ಈ ಸೇವೆಗೆ ಹಣ ಕೊಡುವುದು ಮುಖ್ಯವಾಗಿ ಇದಕ್ಕಾಗಿಯೇ.

ಪಾಸ್‌ವರ್ಡ್ ದೊಡ್ಡದಿರಲಿ, ಎರಡು ಹಂತದ ಪರಿಶೀಲನೆ ಇರಲಿ. ಕಂಪನಿಗೂ ಓದಲಾಗದಂತೆ ನಿಮ್ಮದೇ ಗುಟ್ಟಿನ ಕೀಲಿಯಿಂದ ಕಡತಗಳನ್ನು ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವನ್ನು ಹಲವು ಸೇವೆಗಳು ಕೊಡುತ್ತವೆ. ಅದನ್ನು ಬಳಸಿ ಎಂದೇ ನಾನು ಹೇಳುತ್ತೇನೆ, ಆದರೆ ಕೀಲಿ ಮರೆತರೆ ಅದನ್ನು ಮರಳಿ ಕೊಡಬಲ್ಲವರು ಯಾರೂ ಇರುವುದಿಲ್ಲ.

ಆನ್‌ಲೈನ್ ಎಂದರೆ ಅಳಿವಿಲ್ಲದ್ದು ಎಂಬ ಭಾವನೆಯೂ ಬೇಡ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ದತ್ತಾಂಶ ಕೇಂದ್ರ ಸುಟ್ಟುಹೋಯಿತು, ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರ ದತ್ತಾಂಶ ಮರಳಲಿಲ್ಲ. ಸೇವೆಯೇ ನಿಂತುಹೋಗುವುದೂ ಉಂಟು: ಮನೆಬಳಕೆದಾರರಲ್ಲಿ ಹೆಸರು ಮಾಡಿದ್ದ ಕ್ರಾಶ್‌ಪ್ಲಾನ್ ಫಾರ್ ಹೋಮ್ ಮುಚ್ಚುವುದಾಗಿ 2017ರ ಆಗಸ್ಟ್‌ನಲ್ಲಿ ಪ್ರಕಟಿಸಿ, 2018ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಚಂದಾ ಕಟ್ಟುವ ಕಾರ್ಡಿನ ಅವಧಿ ಮುಗಿದು, ಎಚ್ಚರಿಕೆಯ ಮೇಲ್ ಯಾರೂ ನೋಡದ ಹಳೆಯ ವಿಳಾಸಕ್ಕೆ ಹೋಗಿ ಬೀಳುವುದು ಇವೆಲ್ಲಕ್ಕಿಂತ ಸಾಮಾನ್ಯವಾಗಿ ನಡೆಯಬಹುದಾದ ಸಂಗತಿ.

ಹಾಗಾದರೆ ಯಾವುದು?

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ ಎಂಬ 3-2-1 ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದರು. ಕಂಪ್ಯೂಟರಿನಲ್ಲಿರುವ ಮೂಲವೂ ಈ ಮೂರರಲ್ಲಿ ಸೇರುವುದರಿಂದ ಒಂದು ಹಾರ್ಡ್ ಡಿಸ್ಕ್ ಮತ್ತು ಒಂದು ಆನ್‌ಲೈನ್ ಸೇವೆ ಸೇರಿದರೆ ಲೆಕ್ಕ ಸರಿಹೋಗುತ್ತದೆ. ನನ್ನ ಈಗಿನ ಏರ್ಪಾಡೂ ಅದೇ. ಎಲ್ಲವೂ ಡಿಸ್ಕಿಗೆ ಹೋಗುತ್ತದೆ, ಮತ್ತೆ ಸಿಗದ ಫೋಟೋ ಮತ್ತು ದಾಖಲೆಗಳಷ್ಟೇ ಆನ್‌ಲೈನಿಗೆ ಹೋಗುತ್ತವೆ.

ಎರಡರಲ್ಲಿ ಒಂದೇ ಸಾಧ್ಯವೆನ್ನುವವರಿಗೆ ನನ್ನ ಸಲಹೆ ಹೀಗಿದೆ. ಅಪ್‌ಲೋಡ್ ವೇಗ ತೀರಾ ಕಡಿಮೆಯಿದ್ದರೆ, ಅಥವಾ ಹಲವು ಟಿಬಿಗಳಷ್ಟು ವಿಡಿಯೋ ಇದ್ದರೆ ಡಿಸ್ಕನ್ನೇ ಕೊಳ್ಳಿ. ಆಯ್ಕೆಗೆ ಹೆಚ್ಚು ಅವಕಾಶವೇ ಇಲ್ಲ. ಉಳಿದವರು, ಅದರಲ್ಲೂ ಮರೆವಿನವರು, ಆನ್‌ಲೈನ್ ಸೇವೆಯನ್ನು ಆರಿಸಿಕೊಳ್ಳುವುದು ಮೇಲು. ವಾಪಸು ಪಡೆಯುವಾಗ ಅದು ನಿಧಾನ ಎನ್ನುವುದು ನಿಜ. ಆದರೆ ನಿನ್ನೆಯ ಕಡತ ಎರಡು ದಿನ ತಡವಾಗಿ ಕೈಸೇರುವುದನ್ನು ಸಹಿಸಬಹುದು, ಹದಿನಾಲ್ಕು ತಿಂಗಳ ಹಿಂದಿನ ಕಡತ ಒಂದೂವರೆ ಗಂಟೆಯಲ್ಲಿ ಸಿಕ್ಕಿ ಏನು ಪ್ರಯೋಜನ?

ವಾಪಸು ತೆಗೆದು ನೋಡುವುದು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಒಬ್ಬ ಎಂಜಿನಿಯರ್ ತಪ್ಪಾಗಿ ಮುಖ್ಯ ಡೇಟಾಬೇಸನ್ನು ಅಳಿಸಿದಾಗ, ಇದ್ದ ಬ್ಯಾಕಪ್ ಏರ್ಪಾಡುಗಳಲ್ಲಿ ಹಲವು ಕೆಲಸವನ್ನೇ ಮಾಡುತ್ತಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಸುಮಾರು ಆರು ಗಂಟೆ ಹಿಂದಿನ ಒಂದು ಪ್ರತಿ ಬೇರೊಂದು ಕಾರಣಕ್ಕಾಗಿ ತೆಗೆದಿಟ್ಟಿದ್ದರಿಂದ ಉಳಿದುಕೊಂಡಿತ್ತು. ತಂತ್ರಜ್ಞರ ಸಂಸ್ಥೆಯಲ್ಲಿ ಹೀಗಾದರೆ ಮನೆಯಲ್ಲಿ ಆಗದಿರಲು ಕಾರಣವಿಲ್ಲ.

ಆದ್ದರಿಂದ ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಇದಕ್ಕೆ ಮೀಸಲಿಡಿ. ಕಳೆದ ವಾರ ತಿದ್ದಿದ ಒಂದು ಕಡತ, ಹಳೆಯ ಒಂದು ಫೋಟೋ, ದೊಡ್ಡದೊಂದು ವಿಡಿಯೋ, ಹೀಗೆ ಮೂರನ್ನು ಆರಿಸಿ. ಅವುಗಳನ್ನು ಡಿಸ್ಕಿನಿಂದಲೂ ಆನ್‌ಲೈನಿನಿಂದಲೂ ಬೇರೊಂದು ಖಾಲಿ ಫೋಲ್ಡರಿಗೆ ವಾಪಸು ತೆಗೆದು ತೆರೆದು ನೋಡಿ. ಹೆಸರು ಕಂಡಿತೆಂದು ತೃಪ್ತರಾಗಬೇಡಿ. ನಾನೊಮ್ಮೆ ಹೀಗೆ ತೆರೆದ ಫೋಟೋದ ಮೇಲಿನ ಅರ್ಧ ಸರಿಯಿದ್ದು, ಕೆಳಗಿನ ಅರ್ಧ ಬರೀ ಬೂದುಬಣ್ಣವಾಗಿತ್ತು; ಗಾತ್ರ, ದಿನಾಂಕ ಎಲ್ಲವೂ ಸರಿಯಾಗಿಯೇ ತೋರಿಸುತ್ತಿದ್ದವು. ಆ ಡಿಸ್ಕನ್ನು ಅಂದೇ ಬದಲಾಯಿಸಿದೆ. ಸಾಧ್ಯವಾದರೆ ಒಂದು ಸಲ ಬೇರೆ ಕಂಪ್ಯೂಟರಿನಿಂದ ಆನ್‌ಲೈನ್ ಖಾತೆಗೆ ಪ್ರವೇಶಿಸಿ ನೋಡಿ, ಏಕೆಂದರೆ ನಿಜವಾದ ಅಗತ್ಯ ಬಂದ ದಿನ ನಿಮ್ಮ ಕಂಪ್ಯೂಟರಾಗಲಿ, ಅದರಲ್ಲಿ ಉಳಿಸಿಟ್ಟ ಪಾಸ್‌ವರ್ಡಾಗಲಿ ಕೈಯಲ್ಲಿರುವುದಿಲ್ಲ. ಖಾತೆಯ ಹೆಸರು, ಪಾಸ್‌ವರ್ಡ್, ಎನ್‌ಕ್ರಿಪ್ಷನ್ ಕೀಲಿ, ಎರಡು ಹಂತದ ಪರಿಶೀಲನೆಯ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಬರೆದು, ಮನೆಯ ಇನ್ನೊಬ್ಬರಿಗೂ ತಿಳಿದಿರುವ ಭದ್ರವಾದ ಜಾಗದಲ್ಲಿಡಿ. ಆ ಚೀಟಿಯನ್ನು ಹಾರ್ಡ್ ಡಿಸ್ಕ್ ಇರುವ ಡ್ರಾಯರಿನಲ್ಲಿ ಮಾತ್ರ ಇಡಬೇಡಿ.